ಹೊರದೇಶಕ್ಕೆ ಆಯುಧ ಮಾರಾಟ: ಲಾಭ ಸರಿ, ಹೊಣೆ ಯಾರದ್ದು? ಹೆಲಿಕಾಪ್ಟರ್ ಕಾರ್ಖಾನೆ ಇರೋ ಜಿಲ್ಲೆಯವರು ತಿಳಿದಿರಬೇಕಾದ ವಿಷಯ

ತುಮಕೂರು: ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇರೋದು ಜಿಲ್ಲೆಯ ಎಲ್ಲರಿಗೂ ಗೊತ್ತು. ಅಲ್ಲಿ ತಯಾರಾಗೋ ಹೆಲಿಕಾಪ್ಟರ್ ನಮ್ಮ ಸೇನೆಗೆ ಮಾತ್ರ ಅಲ್ಲ, ಮುಂದೆ ಹೊರದೇಶಕ್ಕೂ ಹೋಗಬಹುದು ಅನ್ನೋದು ಎಷ್ಟೋ ಜನರಿಗೆ ಗೊತ್ತಿಲ್ಲ. ಭಾರತ ಈಗ ಆಯುಧ ಕೊಳ್ಳೋ ದೇಶ ಮಾತ್ರ ಆಗಿ ಉಳಿದಿಲ್ಲ, ಮಾರೋ ದೇಶವೂ ಆಗಿದೆ. ಇದು ಒಳ್ಳೆಯದಾ, ಕೆಟ್ಟದ್ದಾ? ಯಾರಿಗೆ ಬೇಕಾದರೂ ಮಾರಬಹುದಾ? ಮಾರಿದ ಮೇಲೆ ಏನಾದರೂ ಆದರೆ ಯಾರು ಉತ್ತರ ಕೊಡಬೇಕು? ಈ ಪ್ರಶ್ನೆಗಳ ಬಗ್ಗೆ ಇಲ್ಲಿ ಮತ್ತು ಬೇರೆ ದೇಶಗಳಲ್ಲಿ ಜನ ಏನಂತಾರೆ ಅನ್ನೋದರ ವಿವರ ಇಲ್ಲಿದೆ.

ಮೊದಲು ಲೆಕ್ಕ ನೋಡೋಣ

2013-14ರಲ್ಲಿ ಭಾರತ ಹೊರದೇಶಗಳಿಗೆ ಮಾರಿದ ರಕ್ಷಣಾ ಸಾಮಗ್ರಿಯ ಮೌಲ್ಯ 686 ಕೋಟಿ ರೂಪಾಯಿ. 2023-24ಕ್ಕೆ ಇದು 21,083 ಕೋಟಿ ಆಯಿತು. 2024-25ರಲ್ಲಿ 23,622 ಕೋಟಿ. ಅಂದ್ರೆ ಹನ್ನೊಂದು ವರ್ಷದಲ್ಲಿ ಸುಮಾರು 34 ಪಟ್ಟು. 2029ರ ಹೊತ್ತಿಗೆ 50,000 ಕೋಟಿ ಮುಟ್ಟಬೇಕು ಅನ್ನೋದು ಕೇಂದ್ರ ಸರ್ಕಾರದ ಗುರಿ.

2024-25ರ 23,622 ಕೋಟಿಯಲ್ಲಿ ಖಾಸಗಿ ಕಂಪನಿಗಳ ಪಾಲು 15,233 ಕೋಟಿ. ಸರ್ಕಾರಿ ಕಂಪನಿಗಳದ್ದು 8,389 ಕೋಟಿ. ಅದೇ ವರ್ಷ ದೇಶದಲ್ಲಿ ತಯಾರಾದ ರಕ್ಷಣಾ ಸಾಮಗ್ರಿ ಒಟ್ಟು 1,50,590 ಕೋಟಿ ರೂಪಾಯಿಯದ್ದು. ಅಂದ್ರೆ ನೂರು ರೂಪಾಯಿ ಮಾಲು ತಯಾರಾದರೆ ಹದಿನಾರು ರೂಪಾಯಿಗಿಂತ ಸ್ವಲ್ಪ ಕಡಿಮೆ ಮಾಲು ಹೊರಗೆ ಹೋಗುತ್ತೆ.

ಆಯುಧ ರಫ್ತು ಅಂದ ತಕ್ಷಣ ಎಲ್ಲವೂ ಕ್ಷಿಪಣಿ, ಬಾಂಬು ಅಂದ್ಕೊಳ್ಳೋದು ಬೇಡ. ಅಮೆರಿಕ ಮತ್ತು ಫ್ರಾನ್ಸ್‌ಗೆ ಹೋಗೋ ಮಾಲಿನಲ್ಲಿ ವಿಮಾನ, ಹೆಲಿಕಾಪ್ಟರ್‌ಗಳ ಬಿಡಿಭಾಗಗಳೇ ಹೆಚ್ಚು. ಉದಾಹರಣೆಗೆ ಅಮೆರಿಕದ ಅಪಾಚೆ ಹೆಲಿಕಾಪ್ಟರ್‌ನ ಮೈಕಟ್ಟು ಹೈದರಾಬಾದ್‌ನಲ್ಲಿ ತಯಾರಾಗುತ್ತೆ. ಗುಂಡು ತಡೆಯೋ ಜಾಕೆಟ್, ರಾಡಾರ್, ಗಸ್ತು ದೋಣಿ, ಡಾರ್ನಿಯರ್ ವಿಮಾನ ಎಲ್ಲವೂ ಈ ಲೆಕ್ಕದಲ್ಲೇ ಬರುತ್ತವೆ. ಜೊತೆಗೆ ನೇರವಾಗಿ ಯುದ್ಧಕ್ಕೆ ಬಳಸೋ ಮಾಲೂ ಇದೆ. 2022ರ ಜನವರಿಯಲ್ಲಿ ಫಿಲಿಪ್ಪೀನ್ಸ್ ಸುಮಾರು 375 ಮಿಲಿಯನ್ ಡಾಲರ್‌ಗೆ ಬ್ರಹ್ಮೋಸ್ ಕ್ಷಿಪಣಿ ಕೊಳ್ಳೋ ಒಪ್ಪಂದ ಮಾಡಿಕೊಂಡಿತು. ಮೊದಲ ಕಂತು 2024ರ ಏಪ್ರಿಲ್‌ನಲ್ಲಿ ತಲುಪಿತು. ಅರ್ಮೇನಿಯಾ ದೇಶ ಪಿನಾಕ ರಾಕೆಟ್ ಮತ್ತು ಆಕಾಶ್ ಕ್ಷಿಪಣಿ ವ್ಯವಸ್ಥೆ ಕೊಂಡಿದೆ.

ಗುಬ್ಬಿಗೂ ಇದಕ್ಕೂ ಏನು ಸಂಬಂಧ?

615 ಎಕರೆಯಲ್ಲಿರುವ ಈ ಕಾರ್ಖಾನೆಗೆ 2016ರ ಜನವರಿ 3ರಂದು ಪ್ರಧಾನಿ ನರೇಂದ್ರ ಮೋದಿ ಶಂಕುಸ್ಥಾಪನೆ ಮಾಡಿದರು. 2023ರ ಫೆಬ್ರವರಿ 6ರಂದು ಅವರೇ ಬಂದು ಉದ್ಘಾಟಿಸಿದರು. ಮೊದಲು ವರ್ಷಕ್ಕೆ 30 ಲಘು ಹೆಲಿಕಾಪ್ಟರ್, ಆಮೇಲೆ ಹಂತ ಹಂತವಾಗಿ 60, ಕೊನೆಗೆ 90 ತಯಾರಿಸೋ ಯೋಜನೆ ಇದು. 20 ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಹೆಲಿಕಾಪ್ಟರ್, 4 ಲಕ್ಷ ಕೋಟಿ ರೂಪಾಯಿಗೂ ಮೀರಿದ ವ್ಯವಹಾರ, ನೇರವಾಗಿ ಮತ್ತು ಪರೋಕ್ಷವಾಗಿ ಸುಮಾರು 6,000 ಜನರಿಗೆ ಕೆಲಸ ಅಂತ ಆಗ ಹೇಳಲಾಗಿತ್ತು. ನಾಗರಿಕ ಬಳಕೆಯ ಲಘು ಹೆಲಿಕಾಪ್ಟರ್ ರಫ್ತು ಮಾಡೋ ಅವಕಾಶ ಬಂದರೆ ಅದೂ ಇಲ್ಲಿಂದಲೇ ಅಂತಲೂ ಸರ್ಕಾರದ ಪ್ರಕಟಣೆಯಲ್ಲಿ ಇತ್ತು.

ಈಗ ಒಂದು ಸಣ್ಣ ಲೆಕ್ಕ. ನಮ್ಮ ಭೂಸೇನೆ ಮತ್ತು ವಾಯುಸೇನೆಗೆ ಬೇಕಾಗಿರೋ ಲಘು ಹೆಲಿಕಾಪ್ಟರ್ 187 ಅಂತ ಅಂದಾಜು. ವರ್ಷಕ್ಕೆ 30ರಂತೆ ಮಾಡಿದರೆ ಆರು ವರ್ಷ ಚಿಲ್ಲರೆ. 60ರಂತೆ ಮಾಡಿದರೆ ಮೂರೇ ವರ್ಷದ ಕೆಲಸ. ಇದರ ಜೊತೆಗೆ 2025ರ ಮಾರ್ಚ್‌ನಲ್ಲಿ 156 ಪ್ರಚಂಡ್ ಯುದ್ಧ ಹೆಲಿಕಾಪ್ಟರ್‌ಗಳಿಗೆ 62,700 ಕೋಟಿ ರೂಪಾಯಿಯ ಆರ್ಡರ್ ಸಿಕ್ಕಿದೆ. ಅವು ಬೆಂಗಳೂರು ಮತ್ತು ತುಮಕೂರು ಘಟಕಗಳಲ್ಲಿ ತಯಾರಾಗಬೇಕು. ಇಷ್ಟು ಮುಗಿದ ಮೇಲೆ? ಹೊಸ ಮಾದರಿ ಬರಬೇಕು, ರಿಪೇರಿ ಕೆಲಸ ಬರಬೇಕು, ಇಲ್ಲಾ ಹೊರದೇಶದ ಗಿರಾಕಿ ಬರಬೇಕು.

ಅಕ್ಕಿ ಗಿರಣಿ ಇಟ್ಟವರಿಗೆ ಇದು ಬೇಗ ಅರ್ಥ ಆಗುತ್ತೆ. ಗಿರಣಿ ಓಡಲಿ, ಓಡದೇ ಇರಲಿ, ಬಡ್ಡಿ ಕಟ್ಟಲೇಬೇಕು, ಸಂಬಳ ಕೊಡಲೇಬೇಕು. ಊರಿನ ಭತ್ತ ಸಾಲದೇ ಹೋದರೆ ಪಕ್ಕದ ತಾಲ್ಲೂಕಿನ ಭತ್ತ ಹುಡುಕ್ತಾರೆ. ಆಯುಧ ಕಾರ್ಖಾನೆಯ ಕಥೆಯೂ ಅಷ್ಟೇ. ಹೆಚ್ಚು ತಯಾರಾದಷ್ಟೂ ಒಂದೊಂದರ ಖರ್ಚು ಇಳಿಯುತ್ತೆ, ಆಗ ನಮ್ಮ ಸೇನೆಗೂ ಕಡಿಮೆ ಬೆಲೆಗೆ ಸಿಗುತ್ತೆ. ಹೊರದೇಶದಿಂದ ಅತಿ ಹೆಚ್ಚು ಆಯುಧ ತರಿಸೋ ದೇಶಗಳ ಸಾಲಿನಲ್ಲಿ ಭಾರತ ಇವತ್ತಿಗೂ ಮುಂದೇ ಇದೆ. ಆದ್ದರಿಂದ ರಫ್ತಿನ ಸುದ್ದಿ ಬಂದಾಗ ಬಹಳ ಜನರಿಗೆ ಹೆಮ್ಮೆ ಆಗೋದು ಸಹಜ. ಕೈಚಾಚುತ್ತಿದ್ದ ದೇಶ ಈಗ ಕೊಡೋ ದೇಶ ಆಗಿದೆ ಅನ್ನೋ ಭಾವನೆ ಅದು.

ಟರ್ಕಿ ಸೇಬು ನೆನಪಿದೆಯಾ?

ಇದರ ಇನ್ನೊಂದು ಮಗ್ಗುಲು ಅರ್ಥ ಆಗಬೇಕಾದರೆ 2025ರ ಮೇ ತಿಂಗಳು ನೆನಪಿಸಿಕೊಳ್ಳಬೇಕು. ಆಪರೇಷನ್ ಸಿಂಧೂರ ಸಮಯದಲ್ಲಿ ಪಾಕಿಸ್ತಾನ ಗಡಿಯುದ್ದಕ್ಕೂ ನೂರಾರು ಡ್ರೋನ್ ಕಳಿಸಿತು. ಬಿದ್ದ ಚೂರುಗಳನ್ನು ಪರೀಕ್ಷೆ ಮಾಡಿದಾಗ ಅವು ಟರ್ಕಿಯಲ್ಲಿ ತಯಾರಾದವು ಅನ್ನೋ ಪ್ರಾಥಮಿಕ ಮಾಹಿತಿಯನ್ನು ಸರ್ಕಾರವೇ ಕೊಟ್ಟಿತು. ಆಮೇಲೆ ಏನಾಯಿತು ಅನ್ನೋದು ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತು. ಪುಣೆಯ ಮಾರುಕಟ್ಟೆಯಲ್ಲಿ ಟರ್ಕಿ ಸೇಬು ಬೇಡ ಅಂದರು. ಉದಯಪುರದ ಅಮೃತಶಿಲೆ ವ್ಯಾಪಾರಿಗಳು ಟರ್ಕಿ ಕಲ್ಲು ತರಿಸೋದು ನಿಲ್ಲಿಸೋ ತೀರ್ಮಾನ ಮಾಡಿದರು. ಟರ್ಕಿ ಮತ್ತು ಅಜರ್‌ಬೈಜಾನ್ ಪ್ರವಾಸಗಳನ್ನು ಜನ ರದ್ದು ಮಾಡಿದರು. ಬೆಂಗಳೂರು ಸೇರಿದಂತೆ ಹಲವು ವಿಮಾನ ನಿಲ್ದಾಣಗಳಲ್ಲಿ ಕೆಲಸ ಮಾಡ್ತಿದ್ದ ಟರ್ಕಿ ಮೂಲದ ಸೆಲೆಬಿ ಕಂಪನಿಯ ಭದ್ರತಾ ಅನುಮತಿಯನ್ನು ಸರ್ಕಾರ ಮೇ 15ರಂದು ವಾಪಸ್ ಪಡೆಯಿತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಆ ಡ್ರೋನ್ ಹಾರಿಸಿದ್ದು ಪಾಕಿಸ್ತಾನ. ಆದರೂ ಭಾರತದ ಜನ ಮಾರಿದವನನ್ನೂ ಬಿಡಲಿಲ್ಲ. ನಾವು ಮಾಲು ಮಾರಿದ್ದೇವೆ ಅಷ್ಟೇ, ಬಳಸಿದ್ದು ಅವರು ಅನ್ನೋ ಸಮಜಾಯಿಷಿಯನ್ನು ಇಲ್ಲಿ ಯಾರೂ ಒಪ್ಪಲಿಲ್ಲ.

ಈಗ ಇದನ್ನೇ ತಿರುಗಿಸಿ ನೋಡಿ. ಅರ್ಮೇನಿಯಾ ಮತ್ತು ಅಜರ್‌ಬೈಜಾನ್ ನಡುವೆ ನಾಗೋರ್ನೊ ಕರಬಾಖ್ ವಿಷಯದಲ್ಲಿ ದಶಕಗಳಿಂದ ಹಗೆ, ಯುದ್ಧವೂ ಆಗಿದೆ. ಅರ್ಮೇನಿಯಾಗೆ ಭಾರತ ಆಯುಧ ಮಾರಿದೆ. 2023ರಲ್ಲಿ ಅಜರ್‌ಬೈಜಾನ್ ಸರ್ಕಾರ ಭಾರತದ ರಾಯಭಾರಿಯ ಬಳಿ ಈ ಬಗ್ಗೆ ಆತಂಕ ಹೇಳಿಕೊಂಡಿತು. ಟರ್ಕಿ ಬಗ್ಗೆ ನಮಗೆ ಬಂದ ಸಿಟ್ಟು, ಅಜರ್‌ಬೈಜಾನಿನವರಿಗೆ ನಮ್ಮ ಬಗ್ಗೆ ಬರುತ್ತೆ. ಹಾಗಂತ ಭಾರತ ಮಾಡಿದ್ದು ತಪ್ಪು ಅಂತ ಅಲ್ಲ. ಅಜರ್‌ಬೈಜಾನ್ ಬೆನ್ನಿಗೆ ಟರ್ಕಿ ಮತ್ತು ಪಾಕಿಸ್ತಾನ ನಿಂತಿರುವಾಗ ಅರ್ಮೇನಿಯಾಗೆ ಸಹಾಯ ಮಾಡೋದು ಸರಿ ಅನ್ನೋ ವಾದಕ್ಕೂ ತೂಕ ಇದೆ. ಆದರೆ ಈ ವ್ಯಾಪಾರದಲ್ಲಿ ಮಾಲಿನ ಜೊತೆ ಮಾರಿದವನ ಹೆಸರೂ ಹೋಗುತ್ತೆ. ದುಡ್ಡು ಎಣಿಸಿಕೊಂಡು ಕೈ ತೊಳೆದುಕೊಳ್ಳೋ ವ್ಯಾಪಾರ ಇದಲ್ಲ.

ಗಿರಾಕಿ ಸಿಟ್ಟಾದರೆ ಏನಾಗುತ್ತೆ: ಈಕ್ವೆಡಾರ್ ಪಾಠ

ಹೊಣೆ ಅನ್ನೋದು ಯುದ್ಧದ ವಿಷಯಕ್ಕೆ ಮಾತ್ರ ಸೀಮಿತ ಅಲ್ಲ. ಮಾರಿದ ಮಾಲು ಸರಿಯಾಗಿ ಓಡಬೇಕು. ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ 7 ಧ್ರುವ ಹೆಲಿಕಾಪ್ಟರ್‌ಗಳನ್ನು ಕೊಳ್ಳಲು ದಕ್ಷಿಣ ಅಮೆರಿಕದ ಈಕ್ವೆಡಾರ್ 2008ರಲ್ಲಿ ಒಪ್ಪಂದ ಮಾಡಿಕೊಂಡಿತು. ಬೆಲೆ ಸುಮಾರು 45 ಮಿಲಿಯನ್ ಡಾಲರ್. ಆಗ ಅದು ದೊಡ್ಡ ಸುದ್ದಿ. 2009ರಲ್ಲೇ ಒಂದು ಸೇನಾ ಪ್ರದರ್ಶನದ ವೇಳೆ ಒಂದು ಹೆಲಿಕಾಪ್ಟರ್ ಬಿತ್ತು. 2015ರ ಆರಂಭದ ಹೊತ್ತಿಗೆ ಏಳರಲ್ಲಿ ನಾಲ್ಕು ಬಿದ್ದಿದ್ದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಈಕ್ವೆಡಾರ್ ಒಪ್ಪಂದ ರದ್ದು ಮಾಡಿತು. ಬಿಡಿಭಾಗ ಸರಿಯಾಗಿ ಬರಲಿಲ್ಲ ಅನ್ನೋ ದೂರೂ ಇತ್ತು. ಕೆಲವು ಅಪಘಾತಗಳಿಗೆ ಪೈಲಟ್‌ಗಳ ತಪ್ಪೇ ಕಾರಣ ಅಂತ ಎಚ್‌ಎಎಲ್ ಹೇಳಿತು.

ಯಾರದು ತಪ್ಪು ಅನ್ನೋದು ಬೇರೆ ಮಾತು. ಆದರೆ ಒಬ್ಬ ಗಿರಾಕಿ ಬೇಜಾರಾಗಿ ಹೋದರೆ ಹತ್ತು ಗಿರಾಕಿ ಅಂಗಡಿ ಮೆಟ್ಟಿಲು ಹತ್ತೋದಿಲ್ಲ ಅನ್ನೋದು ಯಾವ ವ್ಯಾಪಾರಿಗೂ ಹೇಳಿಕೊಡಬೇಕಾಗಿಲ್ಲ. 2025ರ ಜನವರಿಯಲ್ಲಿ ಪೋರಬಂದರ್‌ನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ ಬಿದ್ದು ಮೂವರು ಸತ್ತರು. ಆಮೇಲೆ ತಿಂಗಳುಗಟ್ಟಲೆ ಧ್ರುವ ಹಾರಾಟ ನಿಂತಿತು. 2025ರ ನವೆಂಬರ್‌ನಲ್ಲಿ ದುಬೈ ವೈಮಾನಿಕ ಪ್ರದರ್ಶನದಲ್ಲಿ, ಜಗತ್ತಿನ ಖರೀದಿದಾರರು ನೋಡ್ತಿರುವಾಗಲೇ, ತೇಜಸ್ ವಿಮಾನ ಬಿದ್ದು ಪೈಲಟ್ ಪ್ರಾಣ ಹೋಯಿತು. ಗುಬ್ಬಿಯ ಕಾರ್ಖಾನೆಗೆ ನಾಳೆ ಹೊರಗಿನ ಆರ್ಡರ್ ಬರಬೇಕಾದರೆ ಮಾಲಿನ ಸುರಕ್ಷತೆ, ಬಿಡಿಭಾಗದ ಪೂರೈಕೆ, ರಿಪೇರಿ ಸೇವೆ ಇವು ಬೆಲೆಯಷ್ಟೇ ಮುಖ್ಯ.

ಜನಾಭಿಪ್ರಾಯಕ್ಕೆ ಸರ್ಕಾರ ಬಗ್ಗಿದ್ದು ಇದೆಯಾ?

ಇದೆ. ಶ್ರೀಲಂಕಾದಲ್ಲಿ ಸೇನೆ ಮತ್ತು ಎಲ್‌ಟಿಟಿಇ ನಡುವೆ ಯುದ್ಧ ನಡೀತಿದ್ದಾಗ, ತಮಿಳುನಾಡಿನ ಜನರ ಭಾವನೆ ನೋಡಿಕೊಂಡು ಭಾರತ ಅಲ್ಲಿಗೆ ದಾಳಿಗೆ ಬಳಸೋ ಆಯುಧ ಮಾರೋದರಿಂದ ದೂರ ಉಳಿಯಿತು. ರಾಡಾರ್‌ನಂಥ ರಕ್ಷಣೆಯ ಸಾಮಗ್ರಿ ಮಾತ್ರ ಕೊಟ್ಟಿತು. ಬಿಇಎಲ್ ತಯಾರಿಸಿದ ಇಂದ್ರ ರಾಡಾರ್ ಅಲ್ಲಿತ್ತು. 2008ರ ಸೆಪ್ಟೆಂಬರ್‌ನಲ್ಲಿ ವವುನಿಯಾ ಸೇನಾ ನೆಲೆಯ ಮೇಲೆ ದಾಳಿ ನಡೆದಾಗ ರಾಡಾರ್ ನೋಡಿಕೊಳ್ತಿದ್ದ ಇಬ್ಬರು ಭಾರತೀಯ ತಂತ್ರಜ್ಞರು ಗಾಯಗೊಂಡರು. ಭಾರತದವರು ಅಲ್ಲಿ ಏನು ಮಾಡ್ತಿದ್ದಾರೆ ಅಂತ ತಮಿಳುನಾಡಿನಲ್ಲಿ ದೊಡ್ಡ ಗದ್ದಲ ಆಯಿತು. ನೇಪಾಳದಲ್ಲಿ 2005ರ ಫೆಬ್ರವರಿಯಲ್ಲಿ ರಾಜ ಜ್ಞಾನೇಂದ್ರ ಸರ್ಕಾರವನ್ನು ಬದಿಗಿಟ್ಟು ಅಧಿಕಾರ ಕೈಗೆ ತೆಗೆದುಕೊಂಡಾಗಲೂ ಭಾರತ ಸೇನಾ ಸಾಮಗ್ರಿ ಪೂರೈಕೆ ನಿಲ್ಲಿಸಿತ್ತು.

ಇತ್ತೀಚಿನ ಉದಾಹರಣೆ ಇಸ್ರೇಲ್. ಗಾಜಾ ಯುದ್ಧದ ಹೊತ್ತಲ್ಲಿ, 2024ರ ಫೆಬ್ರವರಿಯಲ್ಲಿ, ದೇಶದ 11 ದೊಡ್ಡ ಬಂದರುಗಳ ಕಾರ್ಮಿಕರನ್ನು ಪ್ರತಿನಿಧಿಸೋ ಜಲ ಸಾರಿಗೆ ಕಾರ್ಮಿಕರ ಒಕ್ಕೂಟ, ಇಸ್ರೇಲ್‌ಗೆ ಹೋಗೋ ಆಯುಧದ ಸರಕನ್ನು ಮುಟ್ಟೋದಿಲ್ಲ ಅಂತ ಘೋಷಿಸಿತು. ಮೇ ತಿಂಗಳಲ್ಲಿ ಚೆನ್ನೈನಿಂದ ಸ್ಫೋಟಕ ಹೊತ್ತು ಇಸ್ರೇಲ್ ಕಡೆ ಹೊರಟಿದ್ದ ಹಡಗಿಗೆ ಸ್ಪೇನ್ ತನ್ನ ಬಂದರಿಗೆ ಬರಲು ಬಿಡಲಿಲ್ಲ. ಇಸ್ರೇಲ್‌ಗೆ ಆಯುಧ ರಫ್ತು ನಿಲ್ಲಿಸಿ ಅಂತ ಸುಪ್ರೀಂ ಕೋರ್ಟ್‌ಗೆ ಅರ್ಜಿಯೂ ಹೋಯಿತು. 2024ರ ಸೆಪ್ಟೆಂಬರ್ 9ರಂದು ಕೋರ್ಟ್ ಅದನ್ನು ವಜಾ ಮಾಡಿತು. ವಿದೇಶಾಂಗ ನೀತಿ ಸರ್ಕಾರದ ಕೆಲಸ, ಅದರಲ್ಲಿ ಕೋರ್ಟ್ ಕೈಹಾಕೋದಿಲ್ಲ ಅನ್ನೋದು ತೀರ್ಪಿನ ತಿರುಳು. ಒಪ್ಪಂದ ಮಾಡಿಕೊಂಡ ಕಂಪನಿಗಳು ಮಾತು ತಪ್ಪಿದರೆ ದಂಡ ಕಟ್ಟಬೇಕಾದೀತು ಅನ್ನೋದನ್ನೂ ಕೋರ್ಟ್ ಹೇಳಿತು. ಇಸ್ರೇಲ್ ಕಷ್ಟಕಾಲದಲ್ಲಿ ಭಾರತಕ್ಕೆ ನೆರವಾದ ದೇಶ, ಅದಕ್ಕೆ ಮಾರೋದು ಸರಿ ಅನ್ನೋ ಜನರೂ ಇಲ್ಲಿ ಬಹಳ ಇದ್ದಾರೆ.

ಬೇರೆ ದೇಶದಲ್ಲಿ ಜನರನ್ನೇ ಕೇಳಿದರು

ಸ್ವಿಟ್ಜರ್ಲೆಂಡ್‌ನಲ್ಲಿ ಇಂಥ ವಿಷಯಕ್ಕೂ ನೇರವಾಗಿ ಜನರ ಮತ ಕೇಳ್ತಾರೆ. ಆಯುಧ ರಫ್ತನ್ನು ಪೂರ್ತಿ ನಿಷೇಧಿಸಬೇಕಾ ಅಂತ 2009ರ ನವೆಂಬರ್‌ನಲ್ಲಿ ಮತದಾನ ನಡೆಯಿತು. ನೂರಕ್ಕೆ 68 ಮಂದಿ ನಿಷೇಧ ಬೇಡ ಅಂದರು. ಕಾರ್ಖಾನೆ, ಕೆಲಸ ಹೋಗುತ್ತೆ ಅನ್ನೋ ಭಯವೂ ಅದಕ್ಕೆ ಕಾರಣ. ಆದರೆ ಅದೇ ದೇಶದ ಜನ ಆಮೇಲೆ ಸಹಿ ಸಂಗ್ರಹಿಸಿ, ಒಳಜಗಳ ನಡೀತಿರೋ ದೇಶಗಳಿಗೆ ಮಾರಬೇಡಿ ಅಂತ ಒತ್ತಡ ತಂದರು. 2021ರಲ್ಲಿ ಅಲ್ಲಿನ ಸಂಸತ್ತು ಕಾನೂನು ಬಿಗಿ ಮಾಡಿತು.

ಇದರಿಂದ ತಿಳಿಯೋದು ಏನಂದ್ರೆ, ಜನರ ಅಭಿಪ್ರಾಯ ಮಾರಬೇಕು ಅಥವಾ ಮಾರಬಾರದು ಅನ್ನೋ ಎರಡೇ ಮಾತಿನಲ್ಲಿ ಇರೋದಿಲ್ಲ. ಮಾರಿ, ಆದರೆ ಯಾರಿಗೆ ಅಂತ ನೋಡಿ ಮಾರಿ ಅನ್ನೋದೇ ಹೆಚ್ಚು ಜನರ ಮಾತು.

ಕೊಂಡ ದೇಶದ ಜನರೂ ಇದರಲ್ಲಿ ಪಾಲುದಾರರೇ. ಮಾಲ್ಡೀವ್ಸ್‌ಗೆ ಭಾರತ ಧ್ರುವ ಹೆಲಿಕಾಪ್ಟರ್ ಮತ್ತು ಡಾರ್ನಿಯರ್ ವಿಮಾನ ಕೊಟ್ಟಿತ್ತು. ರೋಗಿಗಳನ್ನು ದ್ವೀಪದಿಂದ ದ್ವೀಪಕ್ಕೆ ಸಾಗಿಸಲು ಅವು ಬಹಳ ಉಪಯೋಗ ಆಗಿದ್ದವು. ಆದರೂ ಅವನ್ನು ನೋಡಿಕೊಳ್ಳಲು ಅಲ್ಲಿದ್ದ ಭಾರತೀಯ ಸೈನಿಕರು ಹೊರಡಬೇಕು ಅನ್ನೋದು 2023ರ ಚುನಾವಣೆಯ ದೊಡ್ಡ ವಿಷಯ ಆಯಿತು. 2024ರ ಮೇ 10ರೊಳಗೆ ಸೈನಿಕರು ವಾಪಸ್ ಬಂದರು, ಅವರ ಜಾಗಕ್ಕೆ ಸೇನೆಗೆ ಸೇರದ ತಂತ್ರಜ್ಞರು ಹೋದರು.

ಅನುಮತಿ ಕೊಡೋರು ಯಾರು?

ಆಯುಧವನ್ನು ಯಾರೂ ತಮ್ಮಷ್ಟಕ್ಕೆ ಕಂಟೇನರ್‌ಗೆ ತುಂಬಿ ಕಳಿಸೋ ಹಾಗಿಲ್ಲ. 1992ರ ವಿದೇಶಿ ವ್ಯಾಪಾರ ಕಾಯ್ದೆಯಡಿ ಸ್ಕೋಮೆಟ್ ಅನ್ನೋ ಪಟ್ಟಿ ಇದೆ. ಅದರ ಆರನೇ ವಿಭಾಗದಲ್ಲಿ ಸೇನಾ ಸಾಮಗ್ರಿ ಬರುತ್ತೆ. ಇದಕ್ಕೆ ಅನುಮತಿ ಕೊಡೋದು ರಕ್ಷಣಾ ಸಚಿವಾಲಯದ ರಕ್ಷಣಾ ಉತ್ಪಾದನಾ ಇಲಾಖೆ. ಬೇಕಾದಲ್ಲಿ ವಿದೇಶಾಂಗ ಸಚಿವಾಲಯದ ಅಭಿಪ್ರಾಯ ಕೇಳ್ತಾರೆ. ಮಾಲನ್ನು ಕೊನೆಗೆ ಬಳಸೋರು ಯಾರು ಅಂತ ಕೊಳ್ಳೋರು ಪ್ರಮಾಣಪತ್ರ ಬರೆದುಕೊಡಬೇಕು. 2024-25ರಲ್ಲಿ ಇಂಥ 1,762 ರಫ್ತು ಅನುಮತಿ ಕೊಡಲಾಗಿದೆ.

ಆದರೆ ಕಾಗದದಲ್ಲಿ ಬರೆದಷ್ಟು ಸುಲಭ ಅಲ್ಲ. ಭಾರತದಲ್ಲಿ ತಯಾರಾದ ಫಿರಂಗಿ ಗುಂಡುಗಳು ಯುರೋಪಿನ ಖರೀದಿದಾರರ ಮೂಲಕ ಉಕ್ರೇನ್ ಸೇರಿವೆ ಅಂತ 2024ರ ಸೆಪ್ಟೆಂಬರ್‌ನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ವರದಿ ಮಾಡಿತು. ವಿದೇಶಾಂಗ ಸಚಿವಾಲಯ ಅದನ್ನು ಊಹಾಪೋಹ, ದಾರಿ ತಪ್ಪಿಸೋ ವರದಿ ಅಂತ ತಳ್ಳಿಹಾಕಿತು. ಒಂದು ಕಡೆ ರಷ್ಯಾ ನಮ್ಮ ಹಳೆಯ ಸ್ನೇಹಿತ, ಇನ್ನೊಂದು ಕಡೆ ಗುಂಡು ಹೋಗಿ ಬೀಳೋದು ಅವರ ಸೈನಿಕರ ಮೇಲೆ ಅನ್ನೋ ಆರೋಪ. ಮಾರಿದ ಮಾಲು ಮೂರನೆಯವರ ಕೈಗೆ ಹೋದರೆ ಏನಾಗುತ್ತೆ ಅನ್ನೋದಕ್ಕೆ ಇಷ್ಟು ಸಾಕು. ಇದೇ ಭಯಕ್ಕೆ ಸ್ವಿಟ್ಜರ್ಲೆಂಡ್ 2022ರಲ್ಲಿ, ತಾನು ಜರ್ಮನಿಗೆ ಮಾರಿದ್ದ ಗುಂಡುಗಳನ್ನು ಉಕ್ರೇನ್‌ಗೆ ಕೊಡಲು ಒಪ್ಪಲಿಲ್ಲ. ಅದಕ್ಕೂ ಟೀಕೆ ಬಂತು. ಇಂಥ ಆಯುಧ ನಂಬಿ ಕೊಳ್ಳೋದು ಹೇಗೆ ಅಂತ ಗಿರಾಕಿ ದೇಶಗಳು ಕೇಳಿದವು.

ಅಂತರರಾಷ್ಟ್ರೀಯ ಮಟ್ಟದಲ್ಲಿ 2013ರಲ್ಲಿ ಆಯುಧ ವ್ಯಾಪಾರ ಒಪ್ಪಂದ ವಿಶ್ವಸಂಸ್ಥೆಯ ಮುಂದೆ ಬಂದಾಗ ಭಾರತ ಮತ ಹಾಕದೆ ದೂರ ಉಳಿಯಿತು. ಮಾರೋ ದೇಶಗಳಿಗೆ ಅನುಕೂಲ, ಕೊಳ್ಳೋ ದೇಶಗಳಿಗೆ ತೊಂದರೆ ಅನ್ನೋದು ಆಗಿನ ತಕರಾರು. ಆಗ ಭಾರತ ಮುಖ್ಯವಾಗಿ ಕೊಳ್ಳೋ ದೇಶ. ಈಗ ಮಾರೋ ಕಡೆಯೂ ನಿಂತಿದೆ.

ಸಾಮಾನ್ಯ ಜನ ಕೇಳಬಹುದಾದ ಮೂರು ಪ್ರಶ್ನೆ

ಪ್ರತಿ ವರ್ಷ ಏಪ್ರಿಲ್ ಹೊತ್ತಿಗೆ ರಫ್ತಿನ ಹೊಸ ಅಂಕಿ ಬರುತ್ತೆ. ಎಷ್ಟು ಕೋಟಿ ಅನ್ನೋದು ದೊಡ್ಡಕ್ಷರದಲ್ಲಿ ಇರುತ್ತೆ. ಯಾವ ದೇಶಕ್ಕೆ ಯಾವ ಮಾಲು ಎಷ್ಟು ಹೋಯಿತು ಅನ್ನೋ ಪೂರ್ತಿ ಪಟ್ಟಿ ಸಿಗೋದಿಲ್ಲ. ಸಂಸತ್ತಿನಲ್ಲಿ ಕೇಳಿದಾಗಲೂ ಭದ್ರತೆಯ ಕಾರಣಕ್ಕೆ ದೇಶಗಳ ಹೆಸರು ಹೇಳಲಾಗದು ಅನ್ನೋ ಉತ್ತರ ಹಲವು ಬಾರಿ ಬಂದಿದೆ. ಕೆಲವು ವಿಷಯ ಗುಟ್ಟಾಗಿ ಇರಬೇಕು, ನಿಜ. ಕೊಂಡ ದೇಶವೇ ಹೇಳಬೇಡಿ ಅಂದಿರಬಹುದು. ಆದರೆ ಏನೂ ಗೊತ್ತಾಗದೇ ಇದ್ದರೆ ಜನ ಅಭಿಪ್ರಾಯ ಹೇಳೋದಾದರೂ ಹೇಗೆ?

ಮುಂದಿನ ಸಲ ಅಂಕಿ ಬಂದಾಗ ಮೂರು ಪ್ರಶ್ನೆ ಇಟ್ಟುಕೊಂಡು ಓದಿ.

ಒಂದು, ಕೊಂಡವರು ಯಾರು? ಬಿಡಿಭಾಗ ಕೊಂಡ ದೊಡ್ಡ ಕಂಪನಿಯಾ, ಗಡಿ ಕಾಯೋ ದೇಶವಾ, ತನ್ನದೇ ಜನರ ಮೇಲೆ ಗುಂಡು ಹಾರಿಸೋ ಸರ್ಕಾರವಾ?

ಎರಡು, ಮಾಲು ಅಲ್ಲೇ ಉಳಿಯುತ್ತಾ, ಬೇರೆಯವರ ಕೈಗೆ ಹೋಗುತ್ತಾ? ಹೋದರೆ ನೋಡಿಕೊಳ್ಳೋರು ಯಾರು?

ಮೂರು, ಮಾರಿದ ಮೇಲಿನ ರಿಪೇರಿ, ಬಿಡಿಭಾಗ, ಸುರಕ್ಷತೆಗೆ ವ್ಯವಸ್ಥೆ ಏನು?

ಈ ಪ್ರಶ್ನೆಗಳನ್ನು ಕ್ಷೇತ್ರದ ಸಂಸದರ ಮೂಲಕ ಲೋಕಸಭೆಯಲ್ಲಿ ಕೇಳಿಸಬಹುದು. ದೇಶದ ಹೆಸರು ಹೇಳದಿದ್ದರೂ, ಎಷ್ಟು ಅರ್ಜಿ ಬಂತು, ಎಷ್ಟು ತಿರಸ್ಕಾರ ಆಯಿತು, ಯಾವ ಕಾರಣಕ್ಕೆ ಅನ್ನೋದನ್ನು ಕೇಳೋದರಿಂದ ಯಾವ ಗುಟ್ಟೂ ಬಯಲಾಗೋದಿಲ್ಲ. ಆಯುಧ ಬೇಡ ಅನ್ನೋರಿಗೂ, ಇನ್ನೂ ಹೆಚ್ಚು ಮಾರಬೇಕು ಅನ್ನೋರಿಗೂ ಈ ಮಾಹಿತಿ ಬೇಕು.

ಜಿಲ್ಲೆಗೆ ಕಾರ್ಖಾನೆ ಬಂದಿದೆ, ಅದು ಉಳಿಯಬೇಕು, ಬೆಳೆಯಬೇಕು ಅನ್ನೋದರಲ್ಲಿ ಇಲ್ಲಿನ ಜನರಲ್ಲಿ ಹೆಚ್ಚು ಭಿನ್ನಾಭಿಪ್ರಾಯ ಇರಲಾರದು. ಅಲ್ಲಿಂದ ಹೊರಡೋ ಹೆಲಿಕಾಪ್ಟರ್ ಪ್ರವಾಹದಲ್ಲಿ ಸಿಕ್ಕಿಕೊಂಡವರನ್ನು ಮೇಲೆತ್ತಬಹುದು, ಯಾರದೋ ಊರಿನ ಮೇಲೆ ದಾಳಿಗೂ ಬಳಕೆ ಆಗಬಹುದು. ಅದು ಗುಬ್ಬಿಯಲ್ಲಿ ತೀರ್ಮಾನ ಆಗೋದಿಲ್ಲ, ದೆಹಲಿಯಲ್ಲಿ ಅನುಮತಿಗೆ ಸಹಿ ಬೀಳೋ ದಿನ ಆಗುತ್ತೆ. ಕೇಳೋದಿದ್ದರೆ ಆ ಸಹಿ ಬೀಳೋ ಮುಂಚೆಯೇ ಕೇಳಬೇಕು.